ಓದಿ ತಿಳಿದದ್ದು, ಕೇಳಿ ತಿಳಿದದ್ದು

ಕನ್ನಡದಲ್ಲಿ ವಿದ್ವಾಂಸನೊಬ್ಬನನ್ನು ಹೊಗಳಬೇಕಾದರೆ 'ಬಹುಶ್ರುತ' ಎನ್ನುತ್ತೇವೆ. ಬಹಳ ಓದಿದವನು ಎಂದಲ್ಲ, ಬಹಳ ಕೇಳಿದವನು ಎಂದು ಆ ಮಾತಿನ ಅರ್ಥ. ಹೊತ್ತಗೆ ಸುಲಭವಾಗಿ ಕೈಗೆ ಸಿಗದಿದ್ದ ಕಾಲದ ಮಾತು ಅದು. ಗುರುವಿನ ಬಾಯಿಂದ, ಹರಿಕಥೆಯ ದಾಸರಿಂದ, ತಾಳಮದ್ದಳೆಯ ಅರ್ಥಧಾರಿಯಿಂದ ಕೇಳಿಯೇ ನಮ್ಮ ಹಿರಿಯರು ತಿಳಿದರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಮುಂಬಯಿಯ ಕನ್ನಡಿಗರಲ್ಲಿ ಅನೇಕರು ಗಾಂಧೀಜಿಯನ್ನೂ ಮಾರ್ಕ್ಸನನ್ನೂ ಅರಿತದ್ದು ಭಾಷಣಗಳಿಂದ. ಆದುದರಿಂದ ಕೇಳಿ ತಿಳಿಯುವುದು ಕೀಳೆಂದು ಹೇಳುವ ಉದ್ದೇಶ ನನಗಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಂದು ಪುಸ್ತಕದ ವಿಚಾರವನ್ನು ಕಿವಿಯಿಂದ ಮಾತ್ರ ಪಡೆದ ನಾವು ಅದನ್ನು ಒಪ್ಪುವುದಕ್ಕಾಗಲಿ ಅಲ್ಲಗಳೆಯುವುದಕ್ಕಾಗಲಿ ಎಷ್ಟರ ಮಟ್ಟಿಗೆ ಅಧಿಕಾರಿಗಳು?

ಇದು ಪಂಡಿತರ ಪ್ರಶ್ನೆಯೆಂದು ಪುಟ ತಿರುವಬೇಡಿ. ಘಾಟ್ಕೋಪರ್‌ನಿಂದ ಬೋರಿಬಂದರಕ್ಕೆ ಹೋಗುವ ಬೆಳಗಿನ ಲೋಕಲಿನಲ್ಲಿ ಈಗ ಹೊಸ ಪುಸ್ತಕಗಳ ಸುದ್ದಿಗೆ ಬರವಿಲ್ಲ. ಇತಿಹಾಸ, ಅರ್ಥಶಾಸ್ತ್ರ, ಮನಶ್ಶಾಸ್ತ್ರ, ಯಾವುದಾದರೂ ಆಗಲಿ, ನಾನೂರು ಪುಟದ ಗ್ರಂಥದ ಸಾರವನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವ ಏರ್ಪಾಡು ಪ್ರತಿಯೊಬ್ಬರ ಮೊಬೈಲಿನಲ್ಲಿದೆ. ಕುರ್ಲಾ ದಾಟುವುದರೊಳಗೆ ಒಂದು ಪುಸ್ತಕ, ದಾದರ್ ಬರುವುದರೊಳಗೆ ಇನ್ನೊಂದು! ಸಂಜೆ ಮನೆಯಲ್ಲೋ ಸಂಘದ ಕಚೇರಿಯಲ್ಲೋ ಅದೇ ಮಾತು ಅಭಿಪ್ರಾಯವಾಗಿ ಹೊರಬೀಳುತ್ತದೆ.

ಹೀಗೆ ಬರುವ ಸಾರದಲ್ಲಿ ತೀರ್ಮಾನ ಬರುತ್ತದೆ, ವಾದ ಹಿಂದುಳಿಯುತ್ತದೆ. ಡಾರ್ವಿನ್ನನ ಹೆಸರು ಕೇಳದವರಿಲ್ಲ. ಮನುಷ್ಯ ಮಂಗನಿಂದ ಬಂದ ಎಂದು ಬರೆದವನಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. 1859ರಲ್ಲಿ ಪ್ರಕಟವಾದ ಅವನ ಮಹಾಗ್ರಂಥದಲ್ಲಿ ಮನುಷ್ಯನ ಹುಟ್ಟಿನ ವಿಷಯ ಕೊನೆಯಲ್ಲಿ ಬರುವ ಒಂದು ಸುಳಿವಿನ ಹೊರತು ಇಲ್ಲವೆನ್ನಬೇಕು. ಅದರ ಮೊದಲ ಅಧ್ಯಾಯ ಸಾಕಿದ ಪ್ರಾಣಿಗಳನ್ನು, ಅದರಲ್ಲೂ ಪಾರಿವಾಳಗಳನ್ನು ಕುರಿತದ್ದು. ಮನುಷ್ಯನ ಮಾತನ್ನು ಅವನು ವಿಸ್ತಾರವಾಗಿ ಎತ್ತಿಕೊಂಡದ್ದು ಹನ್ನೆರಡು ವರ್ಷಗಳ ಮೇಲೆ, 1871ರ ಬೇರೊಂದು ಪುಸ್ತಕದಲ್ಲಿ. ಅಲ್ಲಿಯೂ ಇಂದಿನ ಮಂಗ ನಮ್ಮ ಅಜ್ಜನೆಂದು ಅವನು ಹೇಳಲಿಲ್ಲ. ಇನ್ನು ಆಡಂ ಸ್ಮಿತ್. ಮಾರುಕಟ್ಟೆಯನ್ನು ನಡೆಸುವ 'ಅದೃಶ್ಯ ಹಸ್ತ'ದ ಮಾತಿಗೆ ಅವನದೇ ಆಧಾರ. 1776ರ ಅವನ ದಪ್ಪ ಗ್ರಂಥದಲ್ಲಿ ಆ ಶಬ್ದ ಬರುವುದು ಒಂದೇ ಒಂದು ಸಲ. ವ್ಯಾಪಾರಿಗಳು ಒಟ್ಟು ಸೇರಿದರೆ ಗಿರಾಕಿಗಳಿಗೆ ಕೇಡು ಕಾದಿದೆ ಎಂಬ ಶಂಕೆಯನ್ನೂ ಅವನೇ ಬರೆದ. ಅದು ಮಾತ್ರ ಯಾರ ಕಿವಿಗೂ ಬೀಳಲಿಲ್ಲ!

ಪರದೇಶದವರ ಮಾತು ಇರಲಿ. ನಮ್ಮವರೇ ಆದ ಶಂ. ಬಾ. ಜೋಶಿಯವರನ್ನು (1896–1991) ನೋಡಿ. 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು. ಅವರ ಹೆಸರು ಮುಂಬಯಿಯ ಸಭೆಗಳಲ್ಲಿ ಕೇಳಿಬರುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಮಹಾರಾಷ್ಟ್ರವೆಲ್ಲ ಹಿಂದೆ ಕನ್ನಡ ನಾಡಾಗಿತ್ತು ಎಂದು ಸಾಧಿಸಿದವರು ಎಂದು. ಚಪ್ಪಾಳೆ ಬೀಳುತ್ತದೆ, ಭಾಷಣಕಾರ ಮುಂದೆ ಹೋಗುತ್ತಾನೆ. ಜೋಶಿಯವರು ಮಾಡಿದ ಕೆಲಸ ಊರು, ಹೊಳೆ, ಬೆಟ್ಟಗಳ ಹೆಸರುಗಳನ್ನು ಒಂದೊಂದಾಗಿ ಹಿಡಿದು, ದನಗಾಹಿ ಜನಗಳ ನಡೆ-ನುಡಿಗಳನ್ನು ಹುಡುಕಿ, ಹೀಗಿರಬಹುದೇ ಎಂದು ಪರೀಕ್ಷಿಸುವ ಕೆಲಸ. ಅವರ ಊಹೆಗಳಲ್ಲಿ ಕೆಲವು ನಿಂತಾವು, ಕೆಲವು ಬಿದ್ದಾವು. ಅದು ತಜ್ಞರಿಗೆ ಬಿಟ್ಟದ್ದು. ನನಗೆ ದೊಡ್ಡದಾಗಿ ಕಾಣುವುದು ಬೇರೆ. ತಮ್ಮ ವಿಚಾರವನ್ನು ಅವರು ಕನ್ನಡಿಗರ ಮುಂದಷ್ಟೇ ಇಡಲಿಲ್ಲ. 'ಮರ್‍ಹಾಟೀ ಸಂಸ್ಕೃತಿ: ಕಾಹೀ ಸಮಸ್ಯಾ' ಎಂದು ಮರಾಠಿಯಲ್ಲಿಯೇ ಪುಸ್ತಕ ಬರೆದು ಮರಾಠಿ ವಿದ್ವಾಂಸರ ಮುಂದಿಟ್ಟರು. ಒಪ್ಪದವನು ಓದಿ ಉತ್ತರ ಕೊಡಲಿ ಎಂಬ ಧೈರ್ಯ ಅದು. ಚಪ್ಪಾಳೆಗಾಗಿ ಅವರ ಹೆಸರನ್ನು ಬಳಸುವಾಗ ಆ ಧೈರ್ಯವನ್ನು ನಾವು ಬಿಟ್ಟುಬಿಡುತ್ತೇವೆ. ಪಕ್ಕದ ಮನೆಯ ಮರಾಠಿ ಗೃಹಸ್ಥರು ಸೌಜನ್ಯದಿಂದಲೇ "ಹೇಗೆ?" ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿರುವುದಿಲ್ಲ, ಅಭಿಮಾನ ಮಾತ್ರ ಇರುತ್ತದೆ. ನೆರೆಹೊರೆಯ ಬದುಕಿಗೆ ಇದು ಒಳ್ಳೆಯದಲ್ಲ.

ಹಾಗಾದರೆ ಓದದವನು ಬಾಯಿ ಮುಚ್ಚಿಕೊಂಡಿರಬೇಕೇ? ಹಾಗೆಂದರೆ ಲೋಕ ನಡೆಯದು. ನ್ಯಾಯಶಾಸ್ತ್ರದವರು ಇದನ್ನು ಬಹಳ ಹಿಂದೆಯೇ ಯೋಚಿಸಿದ್ದರು. ಆಪ್ತನ ಮಾತನ್ನು ಅವರು ಪ್ರಮಾಣವೆಂದು ಒಪ್ಪಿದರು. ಆದರೆ ಆಪ್ತನೆಂದರೆ ಯಾರು? ವಿಷಯವನ್ನು ಸ್ವತಃ ಕಂಡುಕೊಂಡವನು. ಕಂಡದ್ದನ್ನು ಕಂಡಂತೆಯೇ ಹೇಳುವ ಇಚ್ಛೆಯುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಭಾಷ್ಯಕಾರ ವಾತ್ಸ್ಯಾಯನ ಸೇರಿಸುತ್ತಾನೆ. ಎಂತಹ ಉದಾರವಾದ ಮಾತು, ಎಷ್ಟು ಕಟ್ಟುನಿಟ್ಟಾದ ಮಾತು! ಇದನ್ನು ಪುಸ್ತಕಕ್ಕೆ ಹಚ್ಚಿದರೆ, ಓದಿದವನು ಹೇಳಿದ್ದನ್ನು ನಾನು ನಂಬಬಹುದು. ಓದಿದವನಿಂದ ಕೇಳಿದವನು ಇನ್ನೊಬ್ಬನಿಗೆ ಹೇಳಿದ್ದನ್ನು ನಂಬುವ ಮುನ್ನ ಸ್ವಲ್ಪ ತಡೆಯಬೇಕು. ನಾನೇ ಹೇಳುವವನಾದರೆ, "ಓದಿದ್ದೇನೆ", "ಕೇಳಿದ್ದೇನೆ" ಎಂಬೆರಡು ಕ್ರಿಯಾಪದಗಳನ್ನು ಬೆರೆಸಬಾರದು. ಇದು ಪಾಂಡಿತ್ಯದ ವಿಷಯವಲ್ಲ, ಪ್ರಾಮಾಣಿಕತೆಯ ವಿಷಯ.

ಓದುವುದಕ್ಕೂ ಕೇಳುವುದಕ್ಕೂ ನಡುವೆ ಮೂರನೆಯದೊಂದು ಇದೆ: ಮುಟ್ಟಿ ನೋಡುವುದು. ಇದನ್ನು ನಮ್ಮ ಊರಿಗೆ ಕಲಿಸಿದವರು ಟಿ. ಎನ್. ಶಾನಭಾಗರು. ವಿದ್ಯಾರ್ಥಿಯಾಗಿದ್ದಾಗ ದೊಡ್ಡ ಅಂಗಡಿಯೊಂದರಲ್ಲಿ ಪುಸ್ತಕ ಮುಟ್ಟಿದ್ದಕ್ಕೆ ಗದರಿಸಿಕೊಂಡ ಅವಮಾನದಿಂದ ಅವರು ತಮ್ಮದೇ ಅಂಗಡಿ ತೆರೆದರೆಂಬುದು ಪ್ರಸಿದ್ಧವಾದ ಕಥೆ. 1948ರಲ್ಲಿ ಕೊಲಾಬಾದ ಸ್ಟ್ರಾಂಡ್ ಚಿತ್ರಮಂದಿರದಲ್ಲಿ ಹುಟ್ಟಿ, ಮುಂದೆ ಫೋರ್ಟಿಗೆ ಬಂದ ಸ್ಟ್ರಾಂಡ್ ಬುಕ್ ಸ್ಟಾಲಿನಲ್ಲಿ ಯಾರು ಬೇಕಾದರೂ ಯಾವ ಪುಸ್ತಕವನ್ನಾದರೂ ಎತ್ತಿ ತೆರೆದು ನೋಡಬಹುದಿತ್ತು. ಕೊಳ್ಳದಿದ್ದರೂ ಹುಬ್ಬು ಗಂಟಿಕ್ಕುವವರಿಲ್ಲ. ಕಚೇರಿ ಬಿಟ್ಟ ಗುಮಾಸ್ತ ಅಲ್ಲಿ ಅರ್ಧ ಗಂಟೆ ನಿಂತು ಮುನ್ನುಡಿ ಓದಿ, ವಿಷಯಸೂಚಿಯ ಮೇಲೆ ಬೆರಳಾಡಿಸಿ, ನಡುವೆ ಎರಡು ಪುಟ ನೋಡಿ ಹೊರಟರೆ, ಪುಸ್ತಕವನ್ನು ಓದಿದಂತಾಗಲಿಲ್ಲ ನಿಜ. ಆದರೆ ಅದು ಎಷ್ಟು ದೊಡ್ಡದು, ತನಗೆ ಎಷ್ಟು ತಿಳಿದಿಲ್ಲ ಎಂಬುದು ಕೈಗೆ ತಿಳಿಯುತ್ತಿತ್ತು. ಹತ್ತು ನಿಮಿಷದ ಸಾರಕ್ಕೆ ಆ ತೂಕ ಇಲ್ಲ. ಶಾನಭಾಗರಿಗೆ 2003ರಲ್ಲಿ ಪದ್ಮಶ್ರೀ ಬಂತು. 2009ರಲ್ಲಿ ಅವರು ತೀರಿಕೊಂಡರು. 2018ರ ಫೆಬ್ರವರಿಯಲ್ಲಿ ಅಂಗಡಿಯೂ ಬಾಗಿಲು ಹಾಕಿತು.

ಇದೆಲ್ಲ ಇಂಗ್ಲಿಷ್ ಬಲ್ಲವರ, ಬಿಡುವುಳ್ಳವರ ಮಾತಾಯಿತು ಎಂದು ಓದುಗರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದದ್ದೇ. ಅದಕ್ಕಾಗಿಯೇ ಶಿವರಾಮ ಕಾರಂತರು ಒಬ್ಬರೇ ಕೂತು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಕನ್ನಡದಲ್ಲಿ ಬರೆದರು. ಮದರಾಸಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ. ಜಿ. ಎಲ್. ಸ್ವಾಮಿ, ನಮ್ಮಂತೆಯೇ ಹೊರನಾಡಿನಲ್ಲಿ ಕುಳಿತು, 'ಹಸುರು ಹೊನ್ನು' ಬರೆದರು (1976). ಇಬ್ಬರೂ ಮಾಡಿದ್ದು ಆಪ್ತರ ಕೆಲಸ: ತಾವು ತಿಳಿದುಕೊಂಡು, ಮನೆಮಾತಿನಲ್ಲಿ ಹೇಳಿದರು. ಹೇಳುವಾಗ ತಿಳಿವಳಿಕೆಯ ಪರೀಕ್ಷೆಯೂ ಆಗುತ್ತದೆ. ಇಂಗ್ಲಿಷಿನಲ್ಲಿ ಜಾರಿಹೋಗುವ ಎಷ್ಟೋ ವಾಕ್ಯಗಳು ಕನ್ನಡದಲ್ಲಿ ಹೇಳಹೊರಟರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ನಮ್ಮ ಮಕ್ಕಳು ಹೊಸ ಪುಸ್ತಕಗಳನ್ನು ಓದುತ್ತಾರೆ. ಮನೆಯ ಹಿರಿಯರಿಗೆ ಹೇಳುವುದಿಲ್ಲ, ಹಿರಿಯರೂ ಕೇಳುವುದಿಲ್ಲ. ಕನ್ನಡ ಉಳಿಯಬೇಕೆಂದು ಠರಾವು ಮಾಡುವ ನಾವು ಕನ್ನಡದಲ್ಲಿ ಏನನ್ನು ಹೇಳಬೇಕೆಂದು ಯೋಚಿಸುವುದು ಕಡಿಮೆ.

ನನಗೆ ಪರಿಚಯದ ಪಂತನಗರದ ಮನೆಯೊಂದರಲ್ಲಿ ಕಾಲೇಜು ಓದುವ ಮೊಮ್ಮಗಳು ಕೆನಡಾದ ಸುಝೇನ್ ಸಿಮಾರ್ಡ್ 2021ರಲ್ಲಿ ಪ್ರಕಟಿಸಿದ ತಾಯಿಮರದ ಪುಸ್ತಕವನ್ನು ಓದಿ ಅಜ್ಜಿಗೆ ಹೇಳಿದಳು: ಕಾಡಿನ ಮರಗಳ ಬೇರುಗಳು ಮಣ್ಣೊಳಗೆ ಬೂಷ್ಟಿನ ಎಳೆಗಳಿಂದ ಹೆಣೆದುಕೊಂಡಿರುತ್ತವೆ, ಒಂದು ಮರ ಇನ್ನೊಂದಕ್ಕೆ ಆಹಾರ ದಾಟಿಸುತ್ತದೆ. ಪುತ್ತೂರಿನ ಕಡೆಯ ಅಡಿಕೆ ತೋಟದಲ್ಲಿ ಬೆಳೆದ ಅಜ್ಜಿ ತಲೆದೂಗಲಿಲ್ಲ. "ದಾಟಿಸಿದ್ದನ್ನು ಯಾರು ನೋಡಿದರು?" ಎಂದರು. ಹುಡುಗಿಗೆ ಇದು ಗೊತ್ತಿತ್ತು: ಗುರುತು ಹಾಕಿದ ಇಂಗಾಲವನ್ನು ಒಂದು ಮರಕ್ಕೆ ಉಣಿಸಿ ಇನ್ನೊಂದರಲ್ಲಿ ಹುಡುಕಿದ ಪ್ರಯೋಗ, 1997ರಲ್ಲಿ ಪ್ರಕಟವಾದದ್ದು. ಅಜ್ಜಿ ಅಷ್ಟಕ್ಕೆ ಬಿಡಲಿಲ್ಲ. "ಎಷ್ಟು ಕೊಟ್ಟಿತು? ಅದರಿಂದ ಆ ಮರ ಬದುಕಿತೋ, ಕೊಡದಿದ್ದರೂ ಬದುಕುತ್ತಿತ್ತೋ?"

2023ರಲ್ಲಿ ಮೂವರು ಸಸ್ಯವಿಜ್ಞಾನಿಗಳು ಈ ವಿಷಯದ ಸಂಶೋಧನೆಗಳನ್ನೆಲ್ಲ ತೂಗಿ ನೋಡಿ, ಹಬ್ಬಿದ ಮಾತಿಗೆ ತಕ್ಕಷ್ಟು ಸಾಕ್ಷ್ಯ ಕಾಡಿನಿಂದ ಇನ್ನೂ ಬಂದಿಲ್ಲ ಎಂದು ಬರೆದಿದ್ದಾರೆ. ಅವರ ತಕರಾರಿನಲ್ಲಿ ಅಜ್ಜಿಯ ಪ್ರಶ್ನೆಯೂ ಇದೆ. ಅಜ್ಜಿಗೆ ಅದು ಗೊತ್ತಿಲ್ಲ. ಮೊಮ್ಮಗಳು ಮಾತ್ರ ಪುಸ್ತಕವನ್ನು ಮತ್ತೆ ಮೊದಲಿನಿಂದ ತೆಗೆದಿದ್ದಾಳೆ, ಈ ಸಲ ಪೆನ್ಸಿಲ್ ಹಿಡಿದು.