ಹಣೆಬರಹವೋ, ಕತ್ತಿನ ಲಟಿಕೆಯೋ?

2024ರಲ್ಲಿ ಬಳ್ಳಾರಿಯ ಸುದ್ದಿಯೊಂದು ಪತ್ರಿಕೆಗಳಲ್ಲೆಲ್ಲ ಬಂತು. ಮನೆಗೆಲಸ ಮಾಡುವ 30 ವರ್ಷದ ಯುವಕ ಕ್ಷೌರಕ್ಕೆ ಕೂತಿದ್ದ. ಕೂದಲು ಕತ್ತರಿಸಿದ ಮೇಲೆ ಪುಕ್ಕಟೆ ತಲೆ ಮಾಲೀಶು, ಕೊನೆಗೆ ಕುತ್ತಿಗೆ ಹಿಡಿದು ಜೋರಾಗಿ ಒಂದು ಲಟಿಕೆ. ವಿಪರೀತ ನೋವಾಯಿತು. ಆದರೂ ಎದ್ದು ಮನೆಗೆ ಹೋದ. ಕೆಲ ಹೊತ್ತಿನಲ್ಲಿ ಮಾತು ತೊದಲಿತು, ಎಡಭಾಗದ ಬಲ ಕುಂದಿತು. ಕುತ್ತಿಗೆಯ ಕೆರೋಟಿಡ್ ರಕ್ತನಾಳ ಒಳಗೇ ಸೀಳಿತ್ತು. ಚಿಕಿತ್ಸೆಯ ನಂತರ ಚೇತರಿಸಿಕೊಳ್ಳಲು ಎರಡು ತಿಂಗಳು ಹಿಡಿಯಿತು.

ಗಟ್ಟಿಮುಟ್ಟಾದ ಹರೆಯದವರಿಗೆ ಲಕ್ವ ಹೊಡೆದರೆ ಹೊಸಪೇಟೆಯಿರಲಿ, ಸಂಡೂರಿರಲಿ, ಕಂಪ್ಲಿಯಿರಲಿ, ಮನೆಮಂದಿಯ ಬಾಯಲ್ಲಿ ಮೊದಲು ಬರುವ ಮಾತು: ಯಾವ ಜನ್ಮದ ಪಾಪವೋ! ಅದು ಸಂಕಟದ ಮಾತು, ಹಗುರವಾಗಿ ಕಾಣುವಂಥದ್ದಲ್ಲ. ಆದರೆ ಅದಕ್ಕೆ ಉತ್ತರ ಹುಡುಕುತ್ತ ಕೂತರೆ, ಅಷ್ಟು ಹೊತ್ತೂ ಮೆದುಳು ರಕ್ತವಿಲ್ಲದೆ ಸಾಯುತ್ತಿರುತ್ತದೆ.

ಕರ್ಮವನ್ನು ನಂಬುವವರು ಕೈಕಟ್ಟಿ ಕೂರಬೇಕೇ?

ವಿಜಯನಗರದ ಆರಂಭಕಾಲದ ಒಂದನೆಯ ಮಂಗರಾಜ ಜೈನ ಕವಿ. ಕರ್ಮಸಿದ್ಧಾಂತವೇ ಅವನ ಧರ್ಮದ ಬೆನ್ನೆಲುಬು. ಆದರೂ ವಿಷವೇರಿದವರನ್ನು ಅವರವರ ಕರ್ಮಕ್ಕೆ ಬಿಡದೆ, 'ಖಗೇಂದ್ರಮಣಿದರ್ಪಣ' ಎಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲೇ ಬರೆದ. ಚರಕಸಂಹಿತೆಯ ವಿಮಾನಸ್ಥಾನವೂ ದೈವ, ಪುರುಷಕಾರ ಎರಡನ್ನೂ ಒಪ್ಪುತ್ತದೆ. ದೈವ ದುರ್ಬಲವಾಗಿದ್ದರೆ ಬಲವಾದ ಪುರುಷಪ್ರಯತ್ನ ಅದನ್ನು ಗೆಲ್ಲುತ್ತದೆ ಎನ್ನುವುದು ಅದರ ನಿಲುವು. ದೈವ ದುರ್ಬಲವೋ ಪ್ರಬಲವೋ ಎಂಬುದು ಪ್ರಯತ್ನ ಮಾಡದ ಹೊರತು ಯಾರಿಗೂ ಗೊತ್ತಾಗುವುದಿಲ್ಲ.

ಪ್ರಯತ್ನ ಮಾಡಲು ಇಲ್ಲಿ ದಾರಿಯೂ ಇದೆ. ರಕ್ತನಾಳದ ಗೋಡೆಗೆ ಮೂರು ಪದರ. ಒಳಪದರ ಹರಿದರೆ ರಕ್ತ ಗೋಡೆಯೊಳಕ್ಕೇ ನುಗ್ಗಿ ಹೆಪ್ಪುಗಟ್ಟುತ್ತದೆ, ನಾಳ ಕಿರಿದಾಗುತ್ತದೆ, ಹೆಪ್ಪಿನ ಚೂರು ಮೆದುಳಿಗೆ ಹರಿದು ಅಡ್ಡ ಕೂರುತ್ತದೆ. ಕುತ್ತಿಗೆಯ ಒಂದೇ ಪಕ್ಕದಲ್ಲಿ ಅಥವಾ ಅರ್ಧ ತಲೆಯಲ್ಲಿ ಹೊಸ ನೋವು, ಅದೇ ಪಕ್ಕದ ರೆಪ್ಪೆ ಜೋತು ಕಣ್ಣಪಾಪೆ ಕಿರಿದಾಗುವುದು, ಕಿವಿಯಲ್ಲಿ ನಾಡಿಯ ಲಯದ ಸದ್ದು: ಇವು ಮುನ್ಸೂಚನೆಗಳು. ಲಕ್ವ ಕೆಲವೊಮ್ಮೆ ದಿನಗಳ ನಂತರ ಬರುವುದೂ ಉಂಟು. ಸಿಟಿ ಆಂಜಿಯೋಗ್ರಾಂ ಅಥವಾ ಎಂಆರ್‌ಐ ಸೀಳನ್ನು ತೋರಿಸುತ್ತದೆ. ಆಸ್ಪಿರಿನ್‌ನಂಥ ಔಷಧ ಅಥವಾ ಹೆಪ್ಪು ತಡೆಯುವ ಔಷಧವನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕೊಡುತ್ತಾರೆ; ಸ್ಟೆಂಟ್ ಬೇಕಾಗುವುದು ಕೆಲವರಿಗೆ ಮಾತ್ರ. ಲಕ್ವ ಹೊಡೆದರೆ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ.

ಎಷ್ಟೋ ಜನರಲ್ಲಿ ಏಟು, ತಿರುಚು ಏನೂ ಇಲ್ಲದೆ ನಾಳ ಸೀಳುತ್ತದೆ. ಕಾರಣ ಕಾಣದ ಆ ಜಾಗಕ್ಕೆ ರೋಗಿಯ ಪಾಪವನ್ನು ತಂದು ಕೂರಿಸುವುದು ಧರ್ಮವಲ್ಲ, ಅದು ಕ್ರೌರ್ಯ.

ಹಂಪಿಯ ವಿರೂಪಾಕ್ಷ ದೇವಸ್ಥಾನದ ಕತ್ತಲೆ ಕೋಣೆಯಲ್ಲಿ ರಾಜಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಸಣ್ಣ ಕಿಂಡಿಯಲ್ಲಿ ಬೆಳಕು ನೇರ ಹಾದುಬರುವುದರಿಂದ ಹೀಗಾಗುತ್ತದೆ ಎಂದು ಗೈಡ್‌ಗಳೇ ಬಿಡಿಸಿ ಹೇಳುತ್ತಾರೆ. ಅದನ್ನು ಕೇಳಿದ ಭಕ್ತರು ಅಲ್ಲಿಂದ ಗರ್ಭಗುಡಿಗೆ ಹೋಗಿ ಕೈಮುಗಿಯುತ್ತಾರೆ. ಕಾರಣ ತಿಳಿದ ಮಾತ್ರಕ್ಕೆ ಅವರ ಭಕ್ತಿ ಕರಗಿಲ್ಲ.

ಹರಕೆ ಹೊರುವವರು ಹೊರಲಿ, 108ಕ್ಕೆ ಕರೆ ಮಾಡಿದ ಮೇಲೆ. ಕ್ಷೌರದ ಕುರ್ಚಿಯಲ್ಲಿ ಕತ್ತು ತಿರುಚಲು ಕೈ ಬಂದರೆ, ಬೇಡ ಎಂದುಬಿಡಿ.