ದಡ್ಡ ಎಂಬ ಮಾತು ಯಾರದು?

ನಮ್ಮ ಮನೆಯಲ್ಲಿ ಒಬ್ಬ ಹುಡುಗ ಇದ್ದಾನೆ. ಐದನೇ ಕ್ಲಾಸು. ದೂರದಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿದರೆ ಸಾಕು, ಅದು ಯಾರ ಮನೆಯದು ಅಂತ ಹೇಳುತ್ತಾನೆ. ಸಂತೆಯಲ್ಲಿ ಈರುಳ್ಳಿಗೆ ಕೊಟ್ಟ ನೋಟಿಗೆ ಎಷ್ಟು ಚಿಲ್ಲರೆ ವಾಪಸು ಬರಬೇಕು ಅನ್ನುವುದು ನಾವು ಬೆರಳು ಮಡಿಸುವ ಮೊದಲೇ ಅವನ ಬಾಯಲ್ಲಿರುತ್ತದೆ. ಪುಸ್ತಕ ಮುಂದಿಟ್ಟರೆ ಮಾತ್ರ ಕಲ್ಲಾಗುತ್ತಾನೆ. ಎರಡನೇ ಕ್ಲಾಸಿನ ಪಾಠದ ಒಂದು ಸಾಲು ಓದುವುದಕ್ಕೆ ಅವನಿಗೆ ಒಂದು ಸಂಜೆ ಬೇಕು.

ಒಂದು ರಾತ್ರಿ ಅವನನ್ನು ಹೊಡೆದೆವು. ಪುಸ್ತಕದಲ್ಲಿ ಹಕ್ಕಿ ಎಂದಿತ್ತು. ಅವನು ಅಕ್ಕಿ ಎಂದ. ಸರಿಯಾಗಿ ನೋಡಿ ಹೇಳು ಅಂದೆವು. ಮತ್ತೆ ಅಕ್ಕಿ ಎಂದ. ಮೂರನೇ ಸಲ ಕೈ ಎದ್ದಿತು, ಕೈಯ ಜತೆ ಬಾಯೂ ಎದ್ದಿತು. ದಡ್ಡ ನನ್ಮಗನೆ ಅಂದೆವು. ಒಲೆ ಮುಂದೆ ಕೂತಿದ್ದ ನಮ್ಮವ್ವ ತಿರುಗಿ ನೋಡಿದಳು. "ಅವನು ಸರಿಯಾಗೇ ಅಂದ್ನಲ್ಲಪ್ಪ, ಅಕ್ಕಿ ಮರದ ಮೇಲೆ ಕೂತದೆ ಅಂತ. ಇನ್ನೆಂಗನ್ಬೇಕು?"

ನಾವು ಸುಮ್ಮನಾದೆವು. ಅವ್ವನ ಬಾಯಲ್ಲೂ ಹಕ್ಕಿ ಇಲ್ಲ, ಅಕ್ಕಿಯೇ. ಹಾಲು ಆಲು, ಹಣ್ಣು ಅಣ್ಣು, ಹೋಗು ಓಗು. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ಹೊಲದಲ್ಲಿ ದುಡಿಯುವ ಜನರ ನಾಲಗೆಯೇ ಹೀಗೆ. ನಾವೂ ಹಾಗೇ ಮಾತಾಡಿ ಬೆಳೆದವರು. ಕೆಲಸ ಸಿಕ್ಕಿದ ಮೇಲೆ, ಆಫೀಸಿನಲ್ಲಿ ಯಾರಾದರೂ ನಕ್ಕಾರು ಅಂತ, ಹಕಾರವನ್ನು ಎದೆಯಿಂದ ಎಳೆದು ತಂದು ಬಾಯಲ್ಲಿ ಕೂರಿಸಿಕೊಂಡೆವು. ಕೋಪ ಬಂದಾಗ ಈಗಲೂ ಅದು ಬಿಟ್ಟು ಓಡಿಹೋಗುತ್ತದೆ. ಆ ಹುಡುಗ ಚಿತ್ರ ನೋಡಿದ್ದ, ಸಾಲಿನ ಅರ್ಥ ಹಿಡಿದಿದ್ದ, ತನ್ನ ಮನೆಯ ಮಾತಿನಲ್ಲಿ ಅದನ್ನು ಹೇಳಿದ್ದ. ಅಂದರೆ ಓದಿದ್ದ. ಓದಿದ್ದಕ್ಕೆ ಏಟು ತಿಂದಿದ್ದ.

ದಡ್ಡ ಎನ್ನುವ ಆ ಮಾತು ನಮ್ಮ ಬಾಯಿಗೆ ಎಲ್ಲಿಂದ ಬಂತು? ನಾವು ಹುಡುಗರಾಗಿದ್ದಾಗ ಒಬ್ಬ ಮೇಷ್ಟ್ರು ಇದ್ದರು. ಹೆಸರು ಬೇಡ. ನಿಮಗೆಲ್ಲ ವಿದ್ಯೆ ಎಲ್ಲಿ ಹತ್ತತದೆ, ಹೋಗ್ರೋ ದನ ಕಾಯೋಕೆ ಅನ್ನುತ್ತಿದ್ದರು. ಅದಕ್ಕೆ ಜವಾಬು ಕೊಡುವುದಕ್ಕೇ ನಾವು ಓದಿದೆವು ಅಂದರೂ ತಪ್ಪಲ್ಲ. ಗೋಡೆಗಳ ಮೇಲೆ ಶಿಕ್ಷಣ, ಸಂಘಟನೆ, ಹೋರಾಟ ಅಂತ ದಪ್ಪಕ್ಷರದಲ್ಲಿ ಬರೆದೆವು. ಅದೇ ಕೈ ಈಗ ಮನೆಯೊಳಗೆ ಮೇಷ್ಟ್ರ ಬೆತ್ತವಾಗಿದೆ. ಆ ಮೇಷ್ಟ್ರು ಸತ್ತು ಎಷ್ಟೋ ವರ್ಷವಾಯಿತು, ಅವರ ಮಾತಿಗೆ ನಮ್ಮ ಮನೆಯಲ್ಲಿ ಇನ್ನೂ ಊಟ ನಡೆಯುತ್ತಿದೆ.

ನೀನು ಓದಲೇಬೇಕು, ನಿನ್ನ ತಾತನಿಗೆ ಸ್ಲೇಟು ಮುಟ್ಟಲು ಬಿಡಲಿಲ್ಲ, ನಿನ್ನ ಅಜ್ಜಿ ಹೆಬ್ಬೆಟ್ಟು ಒತ್ತಿದವಳು ಅಂತ ನಾವು ಅವನಿಗೆ ದಿನಾ ಹೇಳುತ್ತೇವೆ. ಮಾತು ಸುಳ್ಳಲ್ಲ. ಆದರೆ ಈ ಲೆಕ್ಕವನ್ನು ಹತ್ತು ವರ್ಷದ ಹುಡುಗನ ಬೆನ್ನಿಗೆ ಬರೆಯುವ ಅಧಿಕಾರ ನಮಗಿದೆಯೆ? ಜೀತ ಪದ್ಧತಿ ರದ್ದು ಮಾಡುವ ಕಾನೂನು 1976ರಲ್ಲಿ ಬಂತು. ಅಪ್ಪನ ಸಾಲಕ್ಕೆ ಮಗನನ್ನು ದುಡಿಸಿಕೊಳ್ಳುವುದು ಅಪರಾಧ ಎಂದಾಯಿತು. ಗೌಡನ ಮನೆಯ ಸಾಲ ಹೀಗೆ ತೀರಿತು. ಚರಿತ್ರೆಯ ಸಾಲಕ್ಕೆ ನಾವೇ ಮಗನನ್ನು ಜೀತಕ್ಕಿಟ್ಟಿದ್ದೇವೆ. ಇಲ್ಲಿ ಸಾಲ ಕೊಟ್ಟವನು ಯಾರು, ತೆಗೆದುಕೊಂಡವನು ಯಾರು ಅಂತ ಕೇಳಿದರೆ ವಿಚಿತ್ರವಾಗುತ್ತದೆ. ಕಸಿದುಕೊಂಡವರು ಬೇರೆ, ತೀರಿಸುವವನು ಈ ಹುಡುಗ!

ಇದಕ್ಕೆ ಎದುರು ಮಾತೂ ಇದೆ. ಅದು ಹಗುರವಾದ ಮಾತಲ್ಲ. ಗೆಳೆಯನೊಬ್ಬ ಹೇಳಿದ: "ಒತ್ತಾಯ ಇಲ್ಲದಿದ್ರೆ ನಮ್ಮಲ್ಲಿ ಯಾರು ಓದ್ತಿದ್ರು? ಬಾಬಾಸಾಹೇಬರ ಅಪ್ಪ ರಾತ್ರಿ ಎರಡು ಗಂಟೆಗೆ ಮಗನನ್ನು ಎಬ್ಬಿಸಿ ಕೂರಿಸಲಿಲ್ಲವಾ?" ಎಬ್ಬಿಸಿದರು. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಇದು ಇದೆ, ಪ್ರತಿ ಏಪ್ರಿಲ್ 14ಕ್ಕೆ ನಾವು ವೇದಿಕೆಯ ಮೇಲೆ ಹೇಳುವುದೂ ಇದೆ. ಮುಂಬೈಯ ಚಾಳಿನ ಒಂದೇ ಕೋಣೆ, ಅದರಲ್ಲೇ ಅಡಿಗೆ, ಅದರಲ್ಲೇ ಮಲಗುವುದು. ರಾಮಜಿ ಸಕ್ಪಾಲರು ಎರಡು ಗಂಟೆವರೆಗೆ ಎದ್ದಿದ್ದು, ಆಮೇಲೆ ಮಗನನ್ನು ಎಬ್ಬಿಸಿ, ಅವನು ಮಲಗಿದ್ದ ಜಾಗದಲ್ಲಿ ತಾವು ಮಲಗುತ್ತಿದ್ದರು. ನಾವು ಈ ಕತೆ ಹೇಳುವಾಗ ಮಗ ನಿದ್ದೆಗೆಟ್ಟದ್ದನ್ನು ಮಾತ್ರ ಹೇಳುತ್ತೇವೆ. ಅಪ್ಪ ನಿದ್ದೆಗೆಟ್ಟದ್ದನ್ನು ಹೇಳುವುದಿಲ್ಲ. ಇನ್ನೊಂದನ್ನೂ ನುಂಗಿಬಿಡುತ್ತೇವೆ. ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದವರು, ಸೈನ್ಯದ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಹೊರಗೆ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತ ಹುಡುಗನಿಗೆ ಮನೆಯೊಳಗೆ ಅಕ್ಷರ ಬಲ್ಲ ಒಬ್ಬ ಅಪ್ಪ ಇದ್ದ. ಸಾವಿತ್ರಿಬಾಯಿಗೂ ಹಾಗೆ. 1840ರಲ್ಲಿ ಮದುವೆಯಾಗಿ ಬಂದಾಗ ಅಕ್ಷರ ಗೊತ್ತಿರಲಿಲ್ಲ, ಜೋತಿಬಾ ಕಲಿಸಿದರು, 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ಹುಡುಗಿಯರ ಶಾಲೆ ತೆರೆದಾಗ ಆಕೆ ಮೇಷ್ಟ್ರಮ್ಮ. ಇಬ್ಬರ ಕತೆಯಲ್ಲೂ ಪಕ್ಕದಲ್ಲಿ ಕೂತ ಒಬ್ಬರಿದ್ದಾರೆ. ನಾವು ಪಕ್ಕದಲ್ಲಿ ಕೂತಿರಲಿಲ್ಲ. ಎದುರಿಗೆ ಕೂತಿದ್ದೆವು.

ಈಗ ಹೆಚ್ಚು ಕಷ್ಟದ ಮಾತಿಗೆ ಬರುತ್ತೇವೆ. ನಮಗೆ ಗೊತ್ತಿರುವ ಒಬ್ಬ ಮೇಷ್ಟ್ರು, ನಮ್ಮವರೇ, ಹುಡುಗನನ್ನು ಒಂದು ಗಂಟೆ ಓದಿಸಿ ನೋಡಿ ಹೇಳಿದರು: "ಇವನಿಗೆ ಡಿಸ್ಲೆಕ್ಸಿಯಾ ಇರಬಹುದು, ತೋರಿಸಿ." ನಮಗೆ ಸಿಟ್ಟು ಬಂತು. ನಮ್ಮ ಮಗುವಿನ ತಲೆಯಲ್ಲಿ ಐಬು ಅಂತೀಯಾ? ನೀನೂ ಅದನ್ನೇ ಅಂತೀಯಾ? ಅವರು ಪಾಪ ಮುಖ ಚಿಕ್ಕದು ಮಾಡಿಕೊಂಡು ಹೋದರು.

ಆ ಸಿಟ್ಟನ್ನು ಬಿಚ್ಚಿ ನೋಡಿಕೊಂಡೆವು. ಮನುವಿನ ಮಾತು ಬಿಳಿ ಕೋಟು ಹಾಕಿಕೊಂಡು ಬಂದಿದೆ ಅಂತ ನಮಗೆ ಅನ್ನಿಸಿತ್ತು. ಸಾವಿರಾರು ವರ್ಷ ನಿಮ್ಮ ತಲೆಯೇ ಬೇರೆ ಅಂದವರಿಗೆ ನಾವೇ ಹೌದು ಅಂತ ಸಹಿ ಹಾಕಿಕೊಟ್ಟ ಹಾಗಾಗುತ್ತದಲ್ಲ ಎಂಬ ಭಯ. ಆ ಭಯಕ್ಕೆ ಕಾರಣ ಇದೆ. ಆದರೆ ಆ ಭಯದ ಬೆಲೆ ಕೊಡುತ್ತಿದ್ದವನು ಹುಡುಗ. ಓದಿನ ಈ ತೊಡಕು ಜಾತಿ ಕೇಳಿ ಬರುವುದಿಲ್ಲ. ಅಗ್ರಹಾರದಲ್ಲೂ ಇದೆ, ಲಂಡನ್ನಿನಲ್ಲೂ ಇದೆ. ಬುದ್ಧಿ ಚುರುಕಾಗಿರುವ ಮಕ್ಕಳಿಗೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾನೂನು ಹೆಸರಿಸಿದ 21 ಬಗೆಗಳಲ್ಲಿ ಕಲಿಕೆಯ ತೊಡಕೂ ಒಂದು. ಜಾತಿ ಒಳಗೆ ಬರುವುದು ಹೆಸರಿಡುವಾಗ. ಉಳ್ಳವರ ಮನೆಯಲ್ಲಿ ಅದಕ್ಕೆ ಇಂಗ್ಲಿಷ್ ಹೆಸರು, ತಜ್ಞರು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ. ನಮ್ಮ ಮನೆಯಲ್ಲಿ ಅದಕ್ಕೆ ಹೆಸರು ದಡ್ಡ. 2007ರಲ್ಲಿ ‘ತಾರೇ ಜಮೀನ್ ಪರ್’ ಬಂದಾಗ ಆ ಹುಡುಗನಿಗಾಗಿ ಕಣ್ಣೀರು ಹಾಕಿದವರಲ್ಲಿ ನಾವೂ ಇದ್ದೆವು. ಸಿನಿಮಾದ ಮಗುವಿಗೆ ಅಳುವುದು ಸುಲಭ.

ಹಾಗಂತ ಓದು ಬರದ ಮಕ್ಕಳನ್ನೆಲ್ಲ ಆಸ್ಪತ್ರೆಗೆ ಅಟ್ಟಬೇಕೆ? ಅದೂ ಮೋಸವೇ. 2022ರ ಅಸರ್ ಸಮೀಕ್ಷೆಯಲ್ಲಿ ದೇಶದ ಹಳ್ಳಿಗಳ ಐದನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಠ್ಯ ಓದಬಲ್ಲವರು ನೂರಕ್ಕೆ 43 ಮಾತ್ರ. ಉಳಿದ ಅಷ್ಟೂ ಮಕ್ಕಳ ತಲೆಯಲ್ಲಿ ತೊಡಕಿದೆಯೆ? ನಮ್ಮ ಹುಡುಗ ಒಂದನೇ ಕ್ಲಾಸು ಸೇರಿದ್ದು 2021ರಲ್ಲಿ. ಕೊರೋನಾಕ್ಕೆ ಮುಚ್ಚಿದ್ದ ಚಿಕ್ಕ ಮಕ್ಕಳ ತರಗತಿಗಳು ನಮ್ಮ ರಾಜ್ಯದಲ್ಲಿ ಮತ್ತೆ ತೆರೆದದ್ದು ಆ ವರ್ಷ ಅಕ್ಟೋಬರ್ ಕೊನೆಗೆ. ಮನೆಯಲ್ಲಿ ಸ್ಮಾರ್ಟ್‌ಫೋನು ಇದ್ದವರು ಅ ಆ ಇ ಈ ನೋಡಿದರು, ಇಲ್ಲದವರು ಆಡು ಮೇಯಿಸಿದರು. ಇನ್ನು ನಮ್ಮ ಲಿಪಿಯ ವಿಷಯ. ವರ್ಣಮಾಲೆ 49 ಅಂತ ಬಾಯಿಪಾಠ ಮಾಡಿಸಿ ಕೈ ತೊಳೆದುಕೊಳ್ಳುತ್ತೇವೆ. ಕಾಗುಣಿತ ಸೇರಿಸಿ ಎಣಿಸಿದರೆ ಕಣ್ಣು ಗುರುತಿಸಬೇಕಾದ ರೂಪಗಳು ನಾಲ್ಕುನೂರು ದಾಟುತ್ತವೆ, ಒತ್ತಕ್ಷರ ಬೇರೆ. ಥ ಮತ್ತು ಧ ನಡುವೆ ಇರುವುದು ಒಂದು ಚುಕ್ಕೆಯಷ್ಟು ಅಂತರ. ಕನ್ನಡದ ಮಕ್ಕಳು ಓದು ಕಲಿಯುವ ಬಗೆಯನ್ನು ಅಧ್ಯಯನ ಮಾಡಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದರು: ಇಲ್ಲಿ ಅಕ್ಷರ ಕೈಗೆ ಹತ್ತುವುದು ಒಂದೆರಡು ವರ್ಷದಲ್ಲಿ ಮುಗಿಯುವ ಕೆಲಸವಲ್ಲ, ನಾಲ್ಕನೇ ಕ್ಲಾಸಿನವರೆಗೂ ನಡೆಯುತ್ತಿರುತ್ತದೆ. ಎರಡನೇ ಕ್ಲಾಸಿಗೇ ದಡ್ಡ ಅಂತ ಮುದ್ರೆ ಒತ್ತುವವರು ಇದನ್ನು ಕೇಳಿಸಿಕೊಳ್ಳಬೇಕು.

ಹಾಗಾದರೆ ನಮ್ಮ ಹುಡುಗ ಯಾವ ಕಡೆಯವನು? ಕಲಿಸದೆ ಬಿಟ್ಟವನೋ, ತೊಡಕು ಇರುವವನೋ, ಎರಡೂ ಹೌದೋ? ದೂರದಲ್ಲಿ ನಿಂತು ಹೇಳಲು ಬರುವುದಿಲ್ಲ. ಮೊದಲು ಕಣ್ಣು ತೋರಿಸಿದೆವು, ಕಿವಿ ತೋರಿಸಿದೆವು. ಎರಡೂ ಸರಿಯಿದ್ದವು. ಆಮೇಲೆ ಪಠ್ಯಪುಸ್ತಕ ಮುಚ್ಚಿಟ್ಟು, ಅವನು ಏನು ಹೇಳುತ್ತಾನೋ ಅದನ್ನು ಬರೆದೆವು. "ನಮ್ಮ ಆಡು ಮೂರು ಮರಿ ಈದದೆ. ಒಂದು ಕರೀದು." ದಪ್ಪಗೆ, ಬಿಡಿಬಿಡಿಯಾಗಿ ಬರೆದು ಮುಂದಿಟ್ಟೆವು. ಓದಿದ. ತನ್ನ ಮಾತು ಹಾಳೆಯ ಮೇಲೆ ಕೂತಿರುವುದನ್ನು ನೋಡಿ ಒಂದು ಸಲ ನಮ್ಮ ಮುಖ ನೋಡಿದ. ಬ್ರೆಜಿಲ್‌ನ ಪಾವ್ಲೋ ಫ್ರೇರೆ 1960ರ ದಶಕದಲ್ಲಿ ಕೂಲಿಕಾರರಿಗೆ ಇಟ್ಟಿಗೆ ಎನ್ನುವ ಅವರದೇ ಪದದಿಂದ ಓದು ಶುರುಮಾಡಿಸಿದ್ದು ನಮಗೆ ಪುಸ್ತಕದಿಂದ ಗೊತ್ತಿತ್ತು, ಭಾಷಣದಲ್ಲಿ ಹೇಳಿಯೂ ಇದ್ದೆವು. ಮನೆಯಲ್ಲಿ ನೆನಪಾಗಿರಲಿಲ್ಲ.

ಇಲ್ಲಿ ನಮ್ಮೊಳಗೇ ಜಗಳ ಎದ್ದಿತು. ಹುಡುಗ ಆಲು ಅಂದರೆ ಆಲು ಅಂತಲೇ ಬರೆಯಬೇಕೆ, ಹಾಲು ಅಂತಲೇ? ಆಲು ಅಂತ ಬರೆದರೆ ಅವನನ್ನು ಕೇರಿಯಲ್ಲೇ ಕಟ್ಟಿಹಾಕಿದಂತೆ, ಮುಂದೆ ಪರೀಕ್ಷೆ ತಿದ್ದುವವನು ಬಿಡುತ್ತಾನಾ ಅಂತ ಒಬ್ಬರು. ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣಗಳೇ ಕನ್ನಡದ ಬರಹಕ್ಕೆ ಬೇಡ ಅಂತ ವಾದಿಸಿದ್ದಾರೆ, ನೀವಿನ್ನೂ ಹಕಾರಕ್ಕೆ ಹೊಡೆದಾಡುತ್ತೀರಲ್ಲ ಅಂತ ಇನ್ನೊಬ್ಬರು. ನಮಗೆ ಅನ್ನಿಸಿದ್ದು ಇಷ್ಟು. ಮೊದಲು ಅವನ ಬಾಯಲ್ಲಿರುವುದು ಹಾಳೆಗೆ ಬರಲಿ. ಆಮೇಲೆ ಹಕಾರವನ್ನು ತೋರಿಸಿ ನಿಜ ಹೇಳೋಣ: ಇದು ನಮ್ಮ ಮನೆಯ ಮಾತಿನಲ್ಲಿಲ್ಲ, ಪುಸ್ತಕ ಬರೆದವರ ಮಾತಿನಲ್ಲಿದೆ, ನಿನಗೂ ಬೇಕಾಗುತ್ತದೆ, ಕಲಿ, ಅಜ್ಜಿಯ ಬಾಯಿ ತಪ್ಪು ಅಂತ ಮಾತ್ರ ಕಲೀಬೇಡ. ಹೀಗೆ ಹೇಳಿದಾಗ ಹುಡುಗ ನಕ್ಕ. "ಅಂಗಾರೆ ಅವರ ಮನೇಲಿ ಅಕ್ಕಿ ಆರಲ್ವಾ?" ಅಂದ.

ನಾಚಿಕೆಯ ಒಂದು ಸಂಗತಿಯನ್ನೂ ಹೇಳಬೇಕು. ಅವನು ನಮ್ಮ ಮುಂದೆ ಓದುವುದಕ್ಕಿಂತ ಅವ್ವನ ಮುಂದೆ ಚೆನ್ನಾಗಿ ಓದುತ್ತಾನೆ. ಅವ್ವ ರಾಗಿ ಕೇರುತ್ತಾ, "ಓದ್ಲಾ ಮಗ, ಕೇಳ್ತೀನಿ" ಅನ್ನುತ್ತಾಳೆ. ಅವನು ಒಂದು ಪದದ ಮುಂದೆ ನಿಂತರೆ ಅವಳೂ ನಿಲ್ಲುತ್ತಾಳೆ. ಅವಳಿಗೆ ಅವಸರವಿಲ್ಲ, ಮುಂದಿನ ಪದ ಅವಳಿಗೂ ಗೊತ್ತಿಲ್ಲ. "ಆಮೇಲೇನಾಯ್ತು?" ಅಂತ ಕೇಳುವುದು ನಿಜವಾಗಿ ತಿಳಿಯಬೇಕೆಂದು. ನಾವು ಕೇಳುವುದು ಪರೀಕ್ಷೆ ಮಾಡಲು. ಅವನು ತಡವರಿಸಿದ ಕೂಡಲೇ ಪದವನ್ನು ಅವನ ಬಾಯಿಂದ ಕಿತ್ತುಕೊಂಡು ನಾವೇ ಹೇಳಿಬಿಡುತ್ತೇವೆ. ಹೆಬ್ಬೆಟ್ಟಿನ ಅವ್ವನಿಂದ ಆಗುವುದು ಡಿಗ್ರಿ ಮಾಡಿದ ನಮ್ಮಿಂದ ಆಗುತ್ತಿಲ್ಲ. ನಾವು ಕಲಿತ ಅಕ್ಷರದ ಜತೆ ಬೆತ್ತವೂ ಬಂದಿದೆ, ಎರಡನ್ನೂ ಬೇರೆ ಮಾಡುವುದು ಹೇಗೆ ಅಂತ ನಮಗೆ ಯಾರೂ ಕಲಿಸಲಿಲ್ಲ.

ಇಷ್ಟೆಲ್ಲ ಬರೆದದ್ದನ್ನು ಓದಿ, ನೋಡಿ, ಮನೆಯಲ್ಲೇ ಕಲಿಸಬಹುದಲ್ಲ ಅಂತ ಯಾರಾದರೂ ಅಂದರೆ ಅವರಿಗೆ ಒಂದು ಮಾತು. ಶಾಲೆಯ ಪೋಷಕರ ಸಭೆಯಲ್ಲಿ ಇದನ್ನೇ ಹೇಳುತ್ತಾರೆ: ಮನೇಲಿ ಸ್ವಲ್ಪ ಓದಿಸ್ರಿ. ಯಾವ ಮನೆ? ಗಾರ್ಮೆಂಟ್ಸ್ ಬಸ್ಸು ಇಳಿದು ರಾತ್ರಿ ಏಳೂವರೆಗೆ ಬಂದು ಒಲೆ ಹಚ್ಚುವ ತಾಯಿಯ ಮನೆಯೆ? ಅವರ ಮನಸ್ಸಿನಲ್ಲಿರುವ ಮನೆಗೆ ಒಂದು ಮೇಜು ಇರುತ್ತದೆ, ಬಿಡುವಾಗಿ ಕೂತ ಒಬ್ಬ ಅಕ್ಷರಸ್ಥರು ಇರುತ್ತಾರೆ. ಆ ಮನೆಗೆ ಜಾತಿ ಇದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಅಂತ ಮಾಡಿದ ಕಾನೂನು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಓದಿಸುವ ಹೊಣೆ ಸರ್ಕಾರದ್ದು. ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ನಡುವೆ ಗಣತಿ ಕೆಲಸಕ್ಕೂ ಓಡುವ ಮೇಷ್ಟ್ರನ್ನು ಬೈದರೆ ಅದು ತೀರುವುದಿಲ್ಲ ಅನ್ನುವುದೂ ನಮಗೆ ಗೊತ್ತು. ಹಗಲು ಶಾಲೆಯ ಮುಂದೆ ನಿಂತು ಕೇಳುತ್ತೇವೆ, ರಾತ್ರಿ ಹುಡುಗನ ಪಕ್ಕ ಕೂರುತ್ತೇವೆ. ಒಂದು ಮಾಡಿದ್ದೇವೆ ಅಂತ ಇನ್ನೊಂದನ್ನು ಬಿಡಲು ಬರುವುದಿಲ್ಲ. ಮಗು ಅಷ್ಟು ದಿನ ಕಾಯುವುದಿಲ್ಲ, ಬೆಳೆದುಬಿಡುತ್ತದೆ.

ಆರು ತಿಂಗಳಾಯಿತು. ದಿನಕ್ಕೆ ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ. ಈಗ ನಾಲ್ಕೈದು ಸಾಲು ಓದುತ್ತಾನೆ. ಒತ್ತಕ್ಷರ ಬಂದರೆ ಇನ್ನೂ ನಿಲ್ಲುತ್ತಾನೆ. ಥ, ಧ ಇನ್ನೂ ಅದಲು ಬದಲು. ಆ ಮೇಷ್ಟ್ರ ಮನೆಗೆ ಹೋಗಿ ಅವತ್ತಿನ ಮಾತಿಗೆ ತಪ್ಪಾಯಿತು ಅಂದು ಬಂದೆವು. ಮುಂದಿನ ತಿಂಗಳು ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಬೇಕು, ಚೀಟಿ ಬರೆಸಿದ್ದೇವೆ. ಯಾಕೆ ಅಂತ ಹುಡುಗ ಕೇಳಿದ. ನಿನ್ನ ಕಣ್ಣಿಗೆ ಅಕ್ಷರ ಹೆಂಗೆ ಕಾಣುತ್ತೆ ಅಂತ ತಿಳ್ಕೊಳ್ಳೋಕೆ ಅಂದೆವು. ಸರಿಯಾದ ಉತ್ತರವೋ ಅಲ್ಲವೋ. ಅವ್ವ ತಾನೂ ಬರುತ್ತೇನೆ ಅಂತಿದ್ದಾಳೆ. ಬಸ್ಸಿನ ಬೋರ್ಡು ಅವನೇ ಓದಿ ಹತ್ತಿಸಬೇಕಂತೆ.