ಮೊದಲ ಪದರವೇ ಮುಖ

🪷 *ಇಂದಿನ ಧಮ್ಮ ಚಿಂತನೆ* 🪷



ನಮ್ಮ ಭಾನುವಾರದ ಓದಿಗೆ ಇಂಗ್ಲೆಂಡಿನಿಂದ ಸೇರಿಕೊಳ್ಳುವ ಅಣ್ಣನವರು ನಿಮಗೆ ಗೊತ್ತು. ಕೋಲಾರದ ಕಡೆಯವರು. ಮಿಲ್ಟನ್ ಕೀನ್ಸ್ ಊರಿನಲ್ಲಿ ನಾಮಫಲಕ ಮಾಡುವ ಅಂಗಡಿಯಲ್ಲಿ ಕೆಲಸ. ಜಪಾನಿನ ಭಿಕ್ಖುಗಳು 1980ರಲ್ಲಿ ಕೆರೆಯ ದಂಡೆಯಲ್ಲಿ ಶಾಂತಿ ಸ್ತೂಪ ಕಟ್ಟಿದ ಊರು ಅದು. ಹೆಸರಾಂತ ಮಾರ್ಷಲ್ ಗಿಟಾರ್ ಆಂಪ್ಲಿಫೈಯರ್‌ಗಳ ಕಾರ್ಖಾನೆ ಇರುವ ಬ್ಲೆಚ್ಲಿಯೂ ಅಲ್ಲೇ. ರಜೆಯ ದಿನ ಅಣ್ಣನವರಿಗೆ ಒಂದು ಸಣ್ಣ ಕಸುಬಿದೆ. ಹಳೆಯ ಆಂಪ್‌ಗಳ ಮುಂಭಾಗದ ಕಂಟ್ರೋಲ್ ಪ್ಯಾನೆಲ್ ಒಡೆದು ಹೋಗಿದ್ದರೆ, ಅದೇ ಅಳತೆ, ಅದೇ ಅಕ್ಷರ, ಅದೇ ಬಣ್ಣದಲ್ಲಿ ಹೊಸದನ್ನು ಮಾಡಿಕೊಡುತ್ತಾರೆ. ಕಳೆದ ವಾರ ಅವರು ಕೇಳಿದ ಪ್ರಶ್ನೆಯನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. "ನನ್ನ ಹೆಸರು ಬೇಡ, ತಪ್ಪನ್ನು ಮಾತ್ರ ಮುಚ್ಚಿಡಬೇಡಿ" ಎಂದಿದ್ದಾರೆ.

ಮೊದಲು ಕೆಲಸದ ಬಗೆ ತಿಳಿಯೋಣ. ಸುಮಾರು 1965ರಿಂದ 1969ರ ಮಧ್ಯದವರೆಗೆ ಮಾರ್ಷಲ್ ಆಂಪ್‌ಗಳ ಪ್ಯಾನೆಲ್ ಲೋಹದ್ದಲ್ಲ, ಪಾರದರ್ಶಕ ಪ್ಲೆಕ್ಸಿಗ್ಲಾಸ್‌ನದ್ದು. ಆಮೇಲೆ ಅಲ್ಯೂಮಿನಿಯಂ ಬಂತು. ಇವತ್ತಿಗೂ ಆ ಕಾಲದ ಆಂಪ್‌ಗಳನ್ನು 'ಪ್ಲೆಕ್ಸಿ' ಎಂದೇ ಕರೆಯುತ್ತಾರೆ. ಅಣ್ಣನವರು ಪಾರದರ್ಶಕ ಹಾಳೆಯ *ಹಿಂಬದಿಯಲ್ಲಿ* ಕೆಲಸ ಮಾಡುತ್ತಾರೆ. ಪ್ರೆಸೆನ್ಸ್, ಬಾಸ್, ಮಿಡ್ಲ್, ಟ್ರೆಬಲ್ ಎಂಬ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೊರೆಯುತ್ತಾರೆ. ಆ ಗೆರೆಗಳಿಗೆ ಕಪ್ಪು ತುಂಬುತ್ತಾರೆ. ಅದು ಒಣಗಿದ ಮೇಲೆ ಹಿಂದೆ ಪೂರ್ತಿ ಬಂಗಾರದ ಬಣ್ಣ ಹೊಡೆಯುತ್ತಾರೆ. ಮುಂದಿನಿಂದ ನೋಡಿದರೆ ಬಂಗಾರದ ಮೇಲೆ ಕಪ್ಪು ಅಕ್ಷರ.

ಇದರಲ್ಲಿ ಒಂದು ವಿಶೇಷವಿದೆ. ಗೋಡೆಗೆ ಬಣ್ಣ ಹೊಡೆಯುವಾಗ ಕೊನೆಯ ಪದರ ಮೊದಲಿನದ್ದನ್ನೆಲ್ಲ ಮುಚ್ಚುತ್ತದೆ. ಇಲ್ಲಿ ಹಾಗಲ್ಲ. ಮೊದಲು ಮಾಡಿದ್ದೇ ನೋಡುವವರ ಕಣ್ಣಿಗೆ ಮೊದಲು ಬೀಳುತ್ತದೆ. ಮೊದಲ ಅಕ್ಷರ ಸೊಟ್ಟಗಾದರೆ ಹಿಂದೆ ಎಷ್ಟು ಬಂಗಾರ ಬಳಿದರೂ ಸೊಟ್ಟ ಸೊಟ್ಟವೇ.

ಈಗ ನಡೆದ ಸಂಗತಿ. ಹಳೆಯ ವಾದ್ಯಗಳ ವ್ಯಾಪಾರಿಯೊಬ್ಬರು ಅಣ್ಣನವರ ಬಳಿ ಪ್ಯಾನೆಲ್ ಮಾಡಿಸಿದರು. "ಹೊಸದರಂತೆ ಕಾಣಬಾರದು. ಸ್ವಲ್ಪ ಗೀರು ಹಾಕಿ, ಹೊಳಪು ತೆಗೆಯಿರಿ, ನಿಮ್ಮ ಗುರುತು ಬೇಡ" ಎಂದು ಮೂರು ಪಟ್ಟು ದುಡ್ಡು ಕೊಟ್ಟರು. ಮಗಳ ಕಾಲೇಜಿನ ಫೀಸು ಕಟ್ಟುವ ತಿಂಗಳು ಅದು. ಅಣ್ಣನವರು ಮನಸ್ಸಿಗೆ ಹೇಳಿಕೊಂಡ ಸಮಾಧಾನ ಇಷ್ಟೇ: 'ನಾನು ಮಾಡುವುದು ಪ್ಯಾನೆಲ್. ಅದನ್ನು ಏನೆಂದು ಮಾರುತ್ತಾರೋ ಅವರಿಗೆ ಬಿಟ್ಟದ್ದು. ನಾನೇನೂ ಸುಳ್ಳು ಆಡಲಿಲ್ಲವಲ್ಲ.'

ಎಂಟು ತಿಂಗಳ ನಂತರ ಒಬ್ಬ ಹುಡುಗ ಆಂಪ್ ಹೊತ್ತು ತಂದ. ಒಂದು ನಾಬ್ ಸರಿಯಾಗಿ ಕೂರುತ್ತಿಲ್ಲ ಎಂದ. "1967ರದ್ದು, ಎಲ್ಲ ಒರಿಜಿನಲ್. ನಾಲ್ಕು ವರ್ಷ ಕೂಡಿಟ್ಟ ದುಡ್ಡು" ಎಂದು ಹೇಳುವಾಗ ಅವನ ಮುಖ ಅರಳಿತ್ತಂತೆ. ಅಣ್ಣನವರ ಕಣ್ಣು 'ಟ್ರೆಬಲ್' ಪದದ ಮೇಲೆ ನಿಂತಿತು. ಎರಡು ಅಕ್ಷರಗಳ ನಡುವೆ ಕೂದಲೆಳೆಯಷ್ಟು ಹೆಚ್ಚು ಜಾಗ. ತಮ್ಮದೇ ಕೈತಪ್ಪು.

ಬಂಧುಗಳೇ, ಇಲ್ಲಿ ನಿಂತು ಯೋಚಿಸೋಣ. ಅಣ್ಣನವರು ಬಾಯಿಂದ ಸುಳ್ಳು ಆಡಿರಲಿಲ್ಲ, ನಿಜ. ಆದರೆ ಗೀರು ಹಾಕಿದ್ದು ಯಾರ ಕೈ? ಗುರುತು ಬಿಟ್ಟದ್ದು ಯಾಕೆ? ಆ ಗೀರು ಐವತ್ತು ವರ್ಷದ ಬಳಕೆಯ ಮಾತನ್ನು ಆಡುತ್ತಿತ್ತು, ಆಡಿಸಿದ ಕೈ ಅವರದ್ದು. ಪಂಚಶೀಲದ ನಾಲ್ಕನೆಯ ಶೀಲ ನಾಲಿಗೆಗೆ ಮಾತ್ರ ಅಲ್ಲ. ಚೇತನವೇ ಕಮ್ಮ ಎಂದು ತಥಾಗತರು ಕಲಿಸಿದ್ದಾರೆ. ಪ್ಲೆಕ್ಸಿಯ ಮೊದಲ ಪದರದಂತೆ ಚೇತನ. ಮೇಲೆ ಕಾರಣಗಳ ಬಂಗಾರ ಎಷ್ಟು ಬಳಿದರೂ ಮುಂದೆ ಕಾಣುವುದು ಅದೇ.

ವ್ಯಾಪಾರಿಯೂ ಒಂದು ವಾದ ಹೂಡಿದ್ದರಂತೆ: "ನಾದ ಬರುವುದು ವಾಲ್ವ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್‌ನಿಂದ. ಪ್ಯಾನೆಲ್ ಹೊಸದಾದರೆ ನಾದಕ್ಕೇನು ನಷ್ಟ?" ಕೇಳಲು ಇದು ನಮ್ಮ ಧಮ್ಮದ ಮಾತಿನಂತೆಯೇ ಇದೆ. ಭಂತೆ ನಾಗಸೇನರು ಮಿಲಿಂದ ರಾಜನಿಗೆ ರಥದ ಉದಾಹರಣೆ ಕೊಟ್ಟು, ಗಾಲಿ ರಥವಲ್ಲ, ಅಚ್ಚು ರಥವಲ್ಲ, ಎಲ್ಲ ಕೂಡಿದಾಗ 'ರಥ' ಎಂಬ ಹೆಸರು ಎಂದು ತಿಳಿಸಿದರು. ಮಾರ್ಷಲ್‌ನ ಮೊದಲ ಆಂಪ್ ಕೂಡ ಅಮೆರಿಕದ ಫೆಂಡರ್ ಬಾಸ್‌ಮನ್ ಸರ್ಕ್ಯೂಟನ್ನು ಆಧರಿಸಿ 1962ರಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಮಾಡಿದ್ದು. ಯಾವ ವಸ್ತುವೂ ತಾನೇ ತಾನಾಗಿ ಹುಟ್ಟಿದ್ದಲ್ಲ. ಹಾಗೆಂದು ನಾಗಸೇನರು ಮುರಿದ ರಥವನ್ನು ಗಟ್ಟಿ ರಥವೆಂದು ಮಾರಬಹುದು ಎನ್ನಲಿಲ್ಲ! ಹೆಸರು ಬರೀ ವ್ಯವಹಾರದ್ದು, ಸರಿ. ಆದರೆ ವ್ಯವಹಾರದಲ್ಲಿ ಒಬ್ಬರಿಗೊಬ್ಬರು ಮಾತು ಕೊಡುವುದು ಆ ಹೆಸರಿನಲ್ಲೇ. ಅನತ್ತದ ಮಾತು ನಮ್ಮ ಅಂಟು ಬಿಡಿಸಲು ಇರುವುದು, ಇನ್ನೊಬ್ಬರ ಜೇಬು ಬಿಡಿಸಲು ಅಲ್ಲ.

ಮತ್ತೆ ಅಣ್ಣನವರ ಅಂಗಡಿಗೆ ಬರೋಣ. ಭಗವಾನರು ರಾಹುಲನಿಗೆ ಸುಳ್ಳಿನ ವಿಷಯ ಬೋಧಿಸುವಾಗ ಕನ್ನಡಿಯ ಉಪಮೆ ಕೊಟ್ಟರು. ಕೆಲಸದ ಮೊದಲು, ಕೆಲಸ ಮಾಡುವಾಗ, ಮಾಡಿದ ನಂತರ, ಮೂರು ಸಲವೂ ನೋಡಿಕೊಳ್ಳಬೇಕು: ಇದರಿಂದ ನನಗೆ ಕೇಡೇ, ಪರರಿಗೆ ಕೇಡೇ, ಇಬ್ಬರಿಗೂ ಕೇಡೇ? ಅಶೋಕ ಚಕ್ರವರ್ತಿ ಸಂಘಕ್ಕೂ ಉಪಾಸಕರಿಗೂ ಕೇಳಲು ಸೂಚಿಸಿ ಕಲ್ಲಿನಲ್ಲಿ ಕೆತ್ತಿಸಿದ ಬೋಧನೆಗಳಲ್ಲಿ ಇದೂ ಒಂದು. ಅಣ್ಣನವರಿಗೆ ಮೊದಲೆರಡು ಸಲದ ಅವಕಾಶ ಕೈಬಿಟ್ಟಿತ್ತು. ಮೂರನೆಯದು ಎದುರಿಗೆ ನಿಂತಿತ್ತು.

ಅವರು ಹೇಳಿಬಿಟ್ಟರು. "ತಮ್ಮಾ, ಈ ಪ್ಯಾನೆಲ್ ನಾನು ಮಾಡಿದ್ದು." ತಾವು ತೆಗೆದುಕೊಂಡ ಹಣವನ್ನು ಪೂರ್ತಿ ಅವನ ಮುಂದಿಟ್ಟರು. ಹುಡುಗ ದುಡ್ಡು ತೆಗೆದುಕೊಂಡ, ಮಾತಾಡಲಿಲ್ಲ, ಮತ್ತೆ ಬರಲೂ ಇಲ್ಲ. ವ್ಯಾಪಾರಿಯ ಆರ್ಡರ್ ನಿಂತಿತು. "ಅವನು ಕ್ಷಮಿಸಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಹೇಳಿದ್ದು ಸಾಕೇ?" ಇದೇ ಅವರು ನಮ್ಮನ್ನು ಕೇಳಿದ ಪ್ರಶ್ನೆ.

ನನಗೆ ತಿಳಿದಷ್ಟು ಹೇಳುತ್ತೇನೆ. ಕ್ಷಮೆ ಕೊಡುವುದು ಬಿಡುವುದು ಆ ಹುಡುಗನ ಕೈಯಲ್ಲಿದೆ. ಅದನ್ನು ಕೂಲಿಯಂತೆ ಎದುರುನೋಡಬಾರದು. ರಾಹುಲನಿಗೆ ಹೇಳಿದ ದಾರಿ ಸ್ಪಷ್ಟ: ತಪ್ಪಾಯಿತೆಂದು ಕಂಡರೆ ತಿಳಿದವರ ಮುಂದೆ ಒಪ್ಪಿಕೊ, ಮುಂದೆ ಸಂಯಮದಿಂದಿರು. ಅಣ್ಣನವರು ಒಪ್ಪಿಕೊಂಡರು. ಈಗ ಪ್ರತಿ ಪ್ಯಾನೆಲ್ ಹಿಂದೆಯೂ, ಬೇರೆ ಯಾವ ಅಕ್ಷರಕ್ಕೂ ಮೊದಲು, ತಾವು ಮಾಡಿದ್ದೆಂಬ ಗುರುತು ಮತ್ತು ಇಸವಿ ಕೊರೆಯುತ್ತಾರೆ. ಪ್ರತಿ ಮಾಡುವುದು ಪಾಪವಲ್ಲ. ಒಡೆದದ್ದನ್ನು ಮತ್ತೆ ಬಳಕೆಗೆ ತರುವುದು ಉಪಕಾರವೇ, ಸಮ್ಮಾ ಆಜೀವವೇ. ಪ್ರತಿಯನ್ನು ಪ್ರತಿಯೆಂದು ಹೇಳಬೇಕು, ಅಷ್ಟೇ. ಆನಂದರು ಸುತ್ತಗಳನ್ನು ಒಪ್ಪಿಸಿದ್ದೂ ತಾವು ಕೇಳಿಸಿಕೊಂಡದ್ದೆಂದು ಮೊದಲೇ ಹೇಳಿಯೇ ಅಲ್ಲವೇ?

☸️ *ಇಂದಿನ ಅಭ್ಯಾಸ:* ನಮ್ಮ ಫೋನಿನಲ್ಲಿ ದಿನವೂ ಎಷ್ಟೋ ಮಾತು 'ಬುದ್ಧರು ಹೇಳಿದ್ದು' ಎಂಬ ಬಂಗಾರ ಬಳಿದುಕೊಂಡು ಬರುತ್ತವೆ. ಇವತ್ತು ಒಂದು ದಿನ, ಯಾವ ಸುತ್ತದ್ದೆಂದು ಗೊತ್ತಿಲ್ಲದ ಮಾತನ್ನು ಅವರ ಹೆಸರಿನಲ್ಲಿ ಮುಂದೆ ಕಳುಹಿಸದಿರೋಣ. ಕಳುಹಿಸಲೇಬೇಕು ಅನಿಸಿದರೆ 'ನನಗೆ ಬಂದದ್ದು' ಎಂದು ಮೊದಲೇ ಬರೆಯೋಣ.

ಸರ್ವರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು 🙏